ಐದರ ಮ್ಯಾಲಿನ ಬೊಕ್ಕಿ

ಗುಳೇದಗುಡ್ಡದ ರಾಜೇಸಾಬ ನನ್ನ ಫೋನು
ಕಸೀದು ಪಕ್ಕಕ್ಕಿಟ್ಟ:
"ಕಾಕಾ, ಇನ್ನ ಇದು ನಡಿಯೂದಿಲ್ಲ."

ಅದರ ಐದರ ಗುಂಡಿಗೆ ಸಣ್ಣ ಬೊಕ್ಕಿ.
ಕಣ್ಣು ಮುಚ್ಚಿ ಅಲ್ಲಿಂದ ಮ್ಯಾಲೊಂದು, ಬಲಕ್ಕೊಂದು,
ಒತ್ತಿ ಹಿಡದ್ರ
ತಂಗಿ ಬಂಗಾರೆವ್ವ ಸಿಗತಿದ್ಲು.

ಹೊಸದಕ್ಕ ಗುಂಡೀನ ಇಲ್ಲ.
ಎಣ್ಣಿ ಬಡದ ಬೋಳು ತಲಿಯಂಗ ನುಣ್ಣಗ.
ಐವತ್ತು ವರ್ಷ ಎಳಿ ಜಗ್ಗಿದ ಬೆರಳು,
ಒತ್ತಿದ್ರ ಒತ್ತಿದಂಗ ಆಗೂದಿಲ್ಲ ಅದಕ್ಕ.
ಬಂಗಾರೆವ್ವಗ ಹಚ್ಚಿದ್ದು ಗ್ಯಾಸಿನವಗ ಹೋತು.
ಅವಾ ಪಾಪ, "ಆರಾಮ ಅದೀರೇನ್ರೀ" ಅಂದ.

ಮೂರು ದಿನ ಜ್ವಾಳದ ಡಬ್ಬ್ಯಾಗ ಇಟ್ಟಿದ್ದೆ.
ನಾಕನೇ ದಿನ
ಕಂಡಿಕಿ ಸುತ್ತೂ ಹುಡುಗಿ ಅದನ್ನ ತಗದು
ಮಗ್ಗದ ಮ್ಯಾಲಿನ ಖಣಕ್ಕ ಹಿಡದು
ಎರಡು ಬೆರಳು ಅಗಲ ಮಾಡಿದ್ಲು.

ಎಳಿ ಕಂಡುವು. ಒಂದೊಂದೂ ಹಗ್ಗದಷ್ಟು.
ಆನಿ ಹೆಜ್ಜಿಯೊಳಗ, ಅಂಚಿಗೆ,
ಒಂದು ತಪ್ಪಿತ್ತು.
ನಂದ ತಪ್ಪು.
ಹಿಂಗ ಎಷ್ಟು ಖಣ ಹ್ವಾದುವೊ
ಯಾರ್ಯಾರ ಮೈಮ್ಯಾಲ,
ಒಬ್ಬರೂ ಹೇಳಲಿಲ್ಲ.

ಎಳಿ ಬಿಚ್ಚಿ ಮತ್ತ ನೇದೆ, ಆ ಗಾಜಿನಾಗ ನೋಡಿಕೋತ.
ಸಂಜಿಗೆ ರಾಜೇಸಾಬನ ಹಂತ್ಯಾಕ ಹೋದೆ:

"ಇದು ಇರಲಿ. ಹಳೇದೂ ಕೊಡೋ ತಮ್ಮಾ.
ಬಂಗಾರೆವ್ವ ಅದರಾಗ ಅದಾಳ."