ಹೊಸೆಯಲು ಬಾರದ ನೂಲು

ಮಿಲ್ಲು ಮುಚ್ಚುವ ತನಕ ಕದಿರಿನ ಮುಂದಿದ್ದ ಕೈ
ಈಗ ಮಂಡಿಪೇಟೆಯ ಮೆಟ್ಟಿಲ ಕೆಳಗೆ,
ವಿಸಿಆರಿನ ಹೊಟ್ಟೆಯೊಳಗೆ.

‘ಮೊದಲಿನವಕ್ಕೆ ನೆತ್ತಿಯಲ್ಲಿ ಬಾಯಿ.
ಕ್ಯಾಸೆಟ್ಟು ಇಟ್ಟು ಅಂಗೈಯಲ್ಲಿ ಅದುಮಬೇಕಿತ್ತು.
ಈಗಿನವು ಎದುರಿಗೇ ಬಾಯಿ ತೆರೀತಾವೆ,
ತುದಿ ತೋರಿಸಿದರೆ ಸಾಕು, ನುಂಗ್ತಾವೆ’
ಎಂದರು ಬುಡೇನ್‌ಸಾಬರು.

ಮುಚ್ಚಳ ತೆಗೆದರೆ
ಎರಡು ಪುಟ್ಟ ಗೂಟ ಟೇಪನ್ನೆಳೆದು
ಉರುಳೆಗೆ ಒತ್ತಿ ಎಂ ಬರೆದವು.
ಮೂಲೆಯ ಹಳೇ ಬೀಟಾ ಮಾತ್ರ
ತಲೆಗೆ ರುಮಾಲು ಸುತ್ತಿದ ಹಾಗೆ,
ಸಾವಕಾಶ.

ಯಾರದೋ ಮದುವೆ. ಟೇಪು ಸಿಕ್ಕಿ ಹರಿದಿತ್ತು.
ಕಿರುಬೆರಳ ಉಗುರಲ್ಲಿ ಬಿಡಿಸಿದ ಸಾಬರು
ಮಿಲ್ಲಿನ ರೂಢಿಗೆ
ಎಂಜಲು ಹಚ್ಚಿ ಹೊಸೆಯಲು ಹೋಗಿ
ತಮ್ಮಷ್ಟಕ್ಕೆ ನಕ್ಕರು.

ಅಂಟಿಸಿದ ಜಾಗದಲ್ಲಿ
ಅಕ್ಷತೆ ಈಗಲೂ
ಮುಷ್ಟಿ ಬಿಡುವ ಮೊದಲೇ
ಮದುಮಗಳ ನೆತ್ತಿಯ ಮೇಲಿರುತ್ತದೆ.