ಐದು ಸೆಕೆಂಡು

ಬೆನಾಲಾ ದಾಟಿ, ವಿಂಟನ್ನಿನ ಟ್ರ್ಯಾಕು.
ಜುಲೈ ಬೆಳಗಿನ ಮಂಜು ಇನ್ನೂ
ಟೈರುಗಳ ಗೋಡೆ ಬಿಟ್ಟು ಎದ್ದಿರಲಿಲ್ಲ.
ಕಿತ್ತಳೆ ಮೇಲಂಗಿಯೊಳಗೆ ಎರಡು ಸ್ವೆಟರು,
ಕೈಯಲ್ಲಿ ಹಳದಿ ಬಾವುಟ, ಕಾಲ ಬಳಿ ಫ್ಲಾಸ್ಕು.
ವಾರವಿಡೀ ಆಸ್ಪತ್ರೆಯ ಲ್ಯಾಬಿನಲ್ಲಿ
ರಕ್ತದ ಸೀಸೆಗಳಿಗೆ ಹೆಸರು ಅಂಟಿಸುವವಳು,
ಭಾನುವಾರ ಒಂದು ತಿರುವಿಗೆ ಸಾಕ್ಷಿ.

ಮೊದಲ ರೇಸು, ಆರನೆಯ ಸುತ್ತು.
ಮುಂದೆ ಕೆರಿನ್ ಡೂಲನ್, ಶೆಪರ್ಟನ್ನಿನ ಬೇಕರಿಯವಳು;
ಬಾನೆಟ್ಟಿನ ಮೇಲೆ ಕಂಪನಿಯ ಹೆಸರಿಲ್ಲ,
ತಾನೇ ಬರೆದ ಒಂದು ಬನ್ನಿನ ಚಿತ್ರ.
ಹಿಂದೆ ಲಾಕ್ಲನ್ ಟ್ರೆಜೈಸ್, ಹತ್ತೊಂಬತ್ತರ ಹುಡುಗ,
ಅಪ್ಪನ ಟ್ರಕ್ಕಿನ ತುಂಬ ಹೊಸ ಟೈರು.
ಬ್ರೇಕೆಂಬುದೊಂದಿದೆ ಎಂಬುದನ್ನೇ ಮರೆತವನಂತೆ ಬಂದ.
ಒಳಬದಿಯಲ್ಲಿ ಒಂದು ಕಾರಿನ ಜಾಗ
ಇತ್ತೋ ಇಲ್ಲವೋ,
ಅವನು ಬಂದ ಮೇಲೆ ಇತ್ತು.
ಡಬ್.
ಬನ್ನು ತನ್ನ ಸುತ್ತ ತಾನೇ ತಿರುಗಿ
ಜಲ್ಲಿಯಲ್ಲಿ ಹೂತು ಕೂತಿತು, ರೇಡಿಯೇಟರು ಹೊಗೆಯಾಡುತ್ತ.
ನಾನು ಬಾವುಟ ಬೀಸಿದೆ. ತೋಳಿಗೆ ಅಷ್ಟೇ ಗೊತ್ತು.

ನುಸುಳಿದ, ನುಗ್ಗಿದ, ದಬ್ಬಿದ:
ನನ್ನ ನಾಲಿಗೆಗೆ ಇವು ಮೂರು.
ನುಸುಳಿದವನಿಗೆ ಚಪ್ಪಾಳೆ,
ನುಗ್ಗಿದವನಿಗೆ ಅರ್ಧ ಬೈಗುಳ, ಅರ್ಧ ಶಹಬ್ಬಾಸ್,
ದಬ್ಬಿದವನಿಗೆ ದಂಡ.
ಫಾರಮ್ಮಿನಲ್ಲಿ ಇರುವುದು ಒಂದೇ ಚೌಕ:
ತಪ್ಪಿಸಬಹುದಾಗಿದ್ದ ಡಿಕ್ಕಿ. ಹೌದೋ, ಅಲ್ಲವೋ.

ಸ್ಟೀವರ್ಡುಗಳ ಕೋಣೆಯಲ್ಲಿ ಹೀಟರಿನ ಸುಟ್ಟ ಧೂಳಿನ ವಾಸನೆ.
ಮೂವರು, ಮೂರು ಕನ್ನಡಕ.
ಅವನ ಮುಂಚಕ್ರ ಅವಳ ಕನ್ನಡಿಯ ಸಮಕ್ಕೆ ಬಂದಿತ್ತೆ?
ಬಂದಿರಲಿಲ್ಲ, ಎಂದೆ.
ಪರಿಣಾಮ ನೋಡುವುದಿಲ್ಲಮ್ಮ, ಕೃತ್ಯ ಮಾತ್ರ ನೋಡುತ್ತೇವೆ, ಎಂದರು.
ಐದು ಸೆಕೆಂಡು.
ಅವನು ಗೆದ್ದದ್ದು ಹನ್ನೊಂದರಿಂದ.
ಹನ್ನೊಂದರಲ್ಲಿ ಐದು ಕಳೆದರೆ ಆರು, ಮತ್ತೆ ಟ್ರೋಫಿ.
ಆ ಹನ್ನೊಂದಾದರೂ ಎಲ್ಲಿಯದು?
ಬೆನ್ನಿಗೆ ಅಂಟಿಕೊಂಡು ಬರಬೇಕಾದವಳು
ಜಲ್ಲಿ ಕೊಡವಿಕೊಳ್ಳುತ್ತಿದ್ದಳು.

ಮಧ್ಯಾಹ್ನ, ಅದೇ ತಿರುವು.
ನೆವ್ ಪ್ಯಾಸ್ಕೋ, ಅರವತ್ತೆರಡು, ಟ್ರ್ಯಾಕ್ಟರು ರಿಪೇರಿಯವನು,
ಮುಂದಿನವನ ಬಂಪರಿಗೆ ತಾಕಿದ.
ತಾಕಿದ ಅಷ್ಟೆ, ಬಣ್ಣ ಕೂಡ ಏಳಲಿಲ್ಲ;
ಮುಂದಿನವ ಅಲುಗಿದ, ಸ್ವಲ್ಪ ಅಗಲವಾಗಿ ಹೋದ,
ಇವನು ದಾಟಿದ.
ಚಕ್ರ ಕನ್ನಡಿಯ ಸಮಕ್ಕೆ ಬಂದಿತ್ತೆ?
ಇಳಿಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಬಂದಿರಲಿಲ್ಲ, ಎಂದೆ.
ಬೆಳಿಗ್ಗೆ ಹಾಗೆ ಹೇಳಿದ್ದರಿಂದ ಹೇಳಿದೆನೋ ಏನೋ.
ಐದು ಸೆಕೆಂಡು.
ಇಡೀ ಗುಂಪು ಸರಪಳಿಯಂತೆ ಒಟ್ಟಿಗೇ ಬಂದಿತ್ತು;
ಎರಡನೆಯವನು ಹದಿನಾಲ್ಕನೆಯವನಾದ.

ನಿಯಮ ಒಂದೇ, ಗಡಿಯಾರ ಒಂದೇ,
ಬರೆದ ಕೈಯೂ ಒಂದೇ.
ನಮ್ಮ ಭಾಷೆ ಇದನ್ನು ಎಂದೋ ಕಂಡಿರಬೇಕು:
ದಂಡ ಎಂದರೆ ಶಿಕ್ಷೆಯೂ ಹೌದು,
ದಂಡವಾಯಿತು ಎಂದರೆ
ಏನೂ ಆಗಲಿಲ್ಲ ಎಂದೂ ಹೌದು.

ಸಾಸೇಜು ಸುಡುವ ಕಡೆ ನೆವ್ ಸಿಕ್ಕಿದ,
ಬ್ರೆಡ್ಡಿನಲ್ಲಿ ಈರುಳ್ಳಿ ಜಾಸ್ತಿ ಹಾಕಿಸಿ ನನಗೇ ಕೊಟ್ಟ.
ನಾನು ಎಷ್ಟು ಹತ್ತಿರವಿದ್ದೆ, ಎಂದು ಕೇಳಿದ.
ಸುಳ್ಳು ಹೇಳಬೇಕೆನಿಸಿತು. ಯಾವುದು ಸುಳ್ಳೆಂದು ತಿಳಿಯಲಿಲ್ಲ.
ಆ ಹುಡುಗ ನುಗ್ಗದೇ ಇದ್ದಿದ್ದರೂ
ಇವನಿಗೆ ಎದೆಯಿಲ್ಲ ಅಂತಿದ್ವಲ್ಲ, ಎಂದು
ಬಾಯಿ ಒರೆಸಿಕೊಂಡು ಹೋದ.

ಸಂಜೆ ಮ್ಯಾಗ್ಪೈ ಹಕ್ಕಿಗಳು ಖಾಲಿ ಟ್ರ್ಯಾಕಿಗೆ ಇಳಿದಿದ್ದವು.
ಕೆರಿನ್ ತನ್ನ ಕಾರನ್ನು ಟ್ರೈಲರಿಗೆ ಬಿಗಿಯುತ್ತಿದ್ದಳು.
ಅಪೀಲು ಮಾಡುವುದಿಲ್ಲವೆ, ಎಂದೆ.
ಅಪೀಲಿನ ಶುಲ್ಕಕ್ಕೆ ಹೊಸ ರೇಡಿಯೇಟರು ಬರುತ್ತೆ, ಎಂದಳು.
ಬಾನೆಟ್ಟಿನ ಬನ್ನು ನಡುವೆ ಸೀಳಿತ್ತು.
ಪಟ್ಟಿ ಎಳೆದಳು. ಇನ್ನೊಮ್ಮೆ ಎಳೆದಳು.
ಮುಂದಿನ ತಿಂಗಳೂ
ನೀನು ಇದೇ ತಿರುವಿನಲ್ಲಿ ಇರುತ್ತೀಯಾ?
ಇರುತ್ತೇನೆ, ಎಂದೆ.
ಅವಳು ಮತ್ತೇನೂ ಹೇಳಲಿಲ್ಲ.
ನಾನು ಬಾವುಟವನ್ನು ಕೋಲಿಗೆ ಸುತ್ತಿದೆ,
ಬಿಚ್ಚಲು ಸುಲಭವಾಗುವಂತೆ.