ನಾಲ್ಕು ಗಂಟೆಗೆ ಬಸ್ಸಿಲ್ಲ

ನಮ್ಮ ಯೋಜನೆ ಎಂದರೆ ಮೊದಲಿಗೆ ಒಂದು ಬೂಟಿನ ಡಬ್ಬಿ.
ಒಳಗೆ ನಲವತ್ತೊಂದು ವಿಸಿಟಿಂಗ್ ಕಾರ್ಡು,
ಹಲ್ಲು ಮುರಿದ ಸ್ಟೇಪ್ಲರ್,
ಹಿಂದಿನವಳು ಬಿಟ್ಟುಹೋದ ಚೀಟಿ:
"ಬೇಕರಿಯವನಿಗೆ ಮಧ್ಯಾಹ್ನವೇ ಫೋನ್ ಮಾಡು.
ಬೆಳಿಗ್ಗೆ ಮಾಡಿದರೆ ಕೂಗಾಡುತ್ತಾನೆ."

ಡುಲೂತ್ ಗುಡ್ಡಕ್ಕೆ ಬೆನ್ನು ಕೊಟ್ಟು ನಿಂತ ಊರು.
ಕೆಳಗೆ ಸರೋವರ; ಜಂಬ ಮಾತ್ರ ಸಮುದ್ರದ್ದು.
ಅದಿರಿನ ಹಡಗು ಬಂದರೆ ಸೇತುವೆ ಮೇಲೇಳುತ್ತದೆ,
ಎಲ್ಲರೂ ಕಾಯುತ್ತಾರೆ,
ಬ್ಯಾಂಕಿನ ಮ್ಯಾನೇಜರೂ, ನಿನ್ನೆ ಕೆಲಸಕ್ಕೆ ಸೇರಿದವನೂ.
ತಡವಾಯಿತೆಂದು ಮನೆಗೆ ಕಳಿಸುವುದು
ಇಬ್ಬರಲ್ಲಿ ಒಬ್ಬನನ್ನೇ.

ಕಾಗದದ ಮೇಲೆ ಅವರು ಕ್ಲೈಂಟುಗಳು. ಹನ್ನೊಂದು ಜನ.
ವರ್ಲಿನನ ಅರ್ಜಿಯಲ್ಲಿ ಆರು ವರ್ಷದ ತೂತು.
"ಆಗೆಲ್ಲ ಏನು ಮಾಡುತ್ತಿದ್ದೆ?"
"ಬದುಕಿದ್ದೆ" ಅಂದ.
ಆ ಖಾನೆಯಲ್ಲಿ ಅಷ್ಟು ಬರೆಯಲು ಜಾಗವಿತ್ತು.
ನಾನು ಬರೆಯಲಿಲ್ಲ. ಹೆದರಿದೆ.

ದುಡ್ಡಿಲ್ಲದವರಿಗೆ ಕಾಲೇ ಬಂಡವಾಳ. ನಡೆದೆ.
ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ
ಪಾದ್ರಿ ಸೋಲ್ವೇಗ್ ಕೋಟುಗಳ ಕಪಾಟಿನ ಕೀಲಿಯನ್ನೇ ಕೊಟ್ಟಳು;
ಯಾರದೋ ಸತ್ತ ಗಂಡನ ಕೋಟು, ಜೇಬಿನಲ್ಲಿ ಇನ್ನೂ ಪೆಪ್ಪರ್‌ಮಿಂಟು.
ಮಾಯ್ ಸೀ ತನ್ನ ಲಾಂಡ್ರಿಯಲ್ಲಿ
ಮಂಗಳವಾರ ರಾತ್ರಿ ಒಂಬತ್ತರ ಮೇಲೆ ಎರಡು ಮೆಷಿನ್ನು ಬಿಟ್ಟುಕೊಟ್ಟಳು.
"ಸೋಪು ನಿಮ್ಮದು" ಎಂದಳು, ಆಮೇಲೆ ಸೋಪನ್ನೂ ಕೊಟ್ಟಳು.
ಕ್ಷೌರದ ಐನೋ ಮೂಗು ಮುರಿದ:
"ಪುಕ್ಕಟೆ ಮಾಡುವುದಿಲ್ಲ. ಸಾಲ ಮಾಡುತ್ತೇನೆ.
ಮೊದಲ ಸಂಬಳಕ್ಕೆ ಬಂದು ತೀರಿಸಲಿ."
ಕಬ್ಬಿಣದ ಗೋದಾಮಿನವರು ಮೂರು ಸಲ ಇಲ್ಲ ಎಂದರು.
ನಾಲ್ಕನೆಯ ಸಲ ಕಾಫಿ ಕೊಟ್ಟು ಇಲ್ಲ ಎಂದರು.
ಅದನ್ನೂ ವರದಿಯಲ್ಲಿ ಪ್ರಗತಿ ಎಂದೇ ಬರೆದೆ.

ಬೇಕರಿಯ ಹಾಲ್ವರ್ ಒಪ್ಪಿದ.
ಒಪ್ಪಂದ ಆದದ್ದು ಹಿಟ್ಟು ಮೆತ್ತಿದ ಕರವಸ್ತ್ರದ ಮೇಲೆ:
ವಾರಕ್ಕೆ ಐದು ದಿನ, ಬೆಳಗಿನ ಜಾವ ನಾಲ್ಕಕ್ಕೆ.

ಮೊದಲ ಬಸ್ಸು ಐದೂ ಇಪ್ಪತ್ತೈದಕ್ಕೆ.

ಬಸ್ಸಿನ ಆಫೀಸಿಗೆ ಪತ್ರ ಬರೆದೆ. ಸ್ವೀಕರಿಸಿದ್ದೇವೆ ಎಂದರು.
ಮತ್ತೆ ಬರೆದೆ. ಮತ್ತೆ ಸ್ವೀಕರಿಸಿದರು.
ಕೊನೆಗೆ ಬಾಗಿಲು ತೆರೆದದ್ದು ರೋಬರ್ಟಾ ಮಾಕಿ,
ಪತ್ರಿಕೆ ಹಂಚುವ ವ್ಯಾನಿನವಳು:
"ಮೂರೂವರೆಗೆ ಆ ದಾರಿಯಲ್ಲೇ ಹೋಗುತ್ತೇನೆ.
ಸೀಟಿನ ತುಂಬ ಪೇಪರು.
ತೊಡೆಯ ಮೇಲಿಟ್ಟುಕೊಳ್ಳುವುದಾದರೆ ಬರಲಿ."
ಹಾಗೆ ವರ್ಲಿನ್ ದಿನವೂ
ಊರಿನ ಸುದ್ದಿಯನ್ನೆಲ್ಲ ತೊಡೆಯ ಮೇಲೆ ಹೊತ್ತು ಕೆಲಸಕ್ಕೆ ಹೋದ,
ತಿರುವಿನ ಮನೆಗಳಿಗೆ ಕಿಟಕಿಯಿಂದಲೇ ಎಸೆಯುತ್ತ.
ಗುರಿ ಚೆನ್ನಾಗಿತ್ತಂತೆ.

ಫೆಬ್ರವರಿಯಲ್ಲಿ, ಉಸಿರು ಗಡ್ಡದಲ್ಲೇ ಹೆಪ್ಪುಗಟ್ಟುವ ವಾರ,
ಅವನು ಬರಲಿಲ್ಲ.
ಮರುದಿನವೂ ಇಲ್ಲ.
ಮೂರನೆಯ ಬೆಳಿಗ್ಗೆ ನಾಲ್ಕೂ ಹತ್ತಕ್ಕೆ ಫೋನು.
ಹಾಲ್ವರ್. ನಾನು ಕಣ್ಣು ಮುಚ್ಚಿ ಕೂಗಿಗೆ ಕಾದೆ.
ಮೆಲ್ಲಗೆ ಕೇಳಿದ: "ಎಲ್ಲಿದ್ದಾನೆ?
ರೈ ಹಿಟ್ಟು ನನ್ನ ಮಾತು ಕೇಳುತ್ತಿಲ್ಲ."
ಅಷ್ಟರಲ್ಲಿ ರೋಬರ್ಟಾ ಅವನ ಬಾಗಿಲ ಮುಂದೆ
ಮೂರು ದಿನ ಹನ್ನೊಂದು ಹನ್ನೊಂದು ನಿಮಿಷ ಕಾದಿದ್ದಳು;
ಪೇಪರು ತಡವೆಂದು ನಾಲ್ಕು ದೂರು.
ಐನೋ ಅಂಗಡಿ ಮುಚ್ಚಿ, ಶಪಿಸುತ್ತ, ಮೂರು ಮಹಡಿ ಹತ್ತಿ,
ಕದ ತಟ್ಟಿ ಹೇಳಿದ್ದ: "ಕೂದಲು ಬೆಳೆದಿದೆಯೋ ನೋಡಲು ಬಂದೆ."

ನಾಲ್ಕನೆಯ ದಿನ ವರ್ಲಿನ್ ವ್ಯಾನು ಹತ್ತಿದ.
ಕಾರಣ ಹೇಳಲಿಲ್ಲ. ಯಾರೂ ಕೇಳಲಿಲ್ಲ.
ಏಪ್ರನ್ ಕಟ್ಟಿಕೊಂಡ, ಹಿಟ್ಟಿನ ಕಡೆ ತಿರುಗಿದ.

ಅನುದಾನದ ಫಾರಂ ಕೇಳುತ್ತದೆ:
ತೊಂಬತ್ತು ದಿನ ನಿಂತವರೆಷ್ಟು?
ಹನ್ನೊಂದರಲ್ಲಿ ನಾಲ್ಕು.
ಉಳಿದ ಏಳು ಜನ ನಮ್ಮ ಮೆಟ್ಟಿಲ ಮೇಲೆ
ಸಿಗರೇಟು ಹಂಚಿಕೊಳ್ಳುತ್ತ ಕೂತಿದ್ದಾರೆ, ಈಗಲೂ, ಈ ಸಾಲು ಬರೆಯುವಾಗಲೂ.
ಬಾರದಿದ್ದಾಗ ಹುಡುಕಿಕೊಂಡು ಹೋದವರೆಷ್ಟು,
ಎಂಬ ಖಾನೆ ಇಲ್ಲ.

ಡಬ್ಬಿ ತೆಗೆದೆ.
ಹಿಂದಿನವಳ ಚೀಟಿಯ ಕೆಳಗೆ, ಅವಳ ಅಕ್ಷರಕ್ಕಿಂತ ಸಣ್ಣದಾಗಿ, ಬರೆದೆ:
"ಬೆಳಿಗ್ಗೆ ಅವನೇ ಮಾಡಿದರೆ
ತಕ್ಷಣ ಎತ್ತು."